ದೂರು ಬಾರದ ಆರು ವಾರ

ಶನಿವಾರ, ಮಾರ್ಚ್ 9
ಬೆಳಿಗ್ಗೆ, ಮನೆಯಲ್ಲಿ, ಊಟದ ಮೇಜಿನ ಮೇಲೆ. ಗುರುವಾರ ಸಮಿತಿಯ ಸಭೆ ನಡೆಯಿತು. ನಾನು ಸಹಿ ಹಾಕಲಿಲ್ಲ.

ಪ್ರೀತಿಯ ತಮ್ಮ,

ನೀವು ಮೂವರೂ ಆರೋಗ್ಯವಾಗಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ಮಗಳ ಮುಂದಿನ ಹಲ್ಲು ಬಿದ್ದ ಫೋಟೋ ನೀನು ಕಳಿಸಿ ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಚಿಕ್ಕಮ್ಮನಿಗೆ ಆ ಫೋಟೋವನ್ನು ಬಾಯಲ್ಲಿ ಬಿಡಿಸಿ ಹೇಳಿದೆ. “ಕಿಟಕಿ ತೆಗೆದಿಟ್ಟ ಮನೆ ಥರ ಇದಾಳೆ ಅನ್ನು. ಗಾಳಿ ಬೆಳಕು ಚೆನ್ನಾಗಿ ಬರತ್ತೆ” ಎಂದು ನಕ್ಕರು. ಅವರ ಮೊಣಕಾಲು ಈಗ ವಾಸಿ. ಮೆಟ್ಟಿಲು ಇಳಿಯುವಾಗ ಮಾತ್ರ ಬಯ್ಯುತ್ತಾರೆ, ಮೆಟ್ಟಿಲನ್ನು. ಮೇಲಿನ ನೀರಿನ ತೊಟ್ಟಿ ಸೋರುವುದು ನಿಂತಿದೆ. ನಲ್ಲಿ ರಿಪೇರಿಯವರು ಮೂರು ಸಲ ಬಂದು ಮೂರು ಸಲವೂ “ಇನ್ನು ಯೋಚನೆ ಬೇಡ” ಎಂದು ಹೇಳಿ ಹೋಗಿದ್ದರು. ಮೂರನೆಯ ಸಲ ಅದು ನಿಜವಾಯಿತು.

ಇದನ್ನು ಮೇಲ್‌ನಲ್ಲಿ ಬರೆಯಬಹುದಿತ್ತು. ಮೇಲ್ ಆದರೆ ನೀನು ಎರಡು ಕೆಲಸದ ನಡುವೆ ಕಣ್ಣಾಡಿಸಿ ಬದಿಗಿಡುತ್ತೀಯ. ಕಾಗದವನ್ನು ಹಾಗೆ ಮಾಡಲಾಗುವುದಿಲ್ಲ, ಮನೆಯಲ್ಲಿ ಯಾರಾದರೂ “ಏನಂತೆ?” ಎಂದು ಕೇಳುತ್ತಾರೆ. ನಿನ್ನ ಹೆಂಡತಿ ಕೇಳಲಿ ಎಂದೇ ಬರೆಯುತ್ತಿದ್ದೇನೆ. ಹೋದ ಸಲ ಇಲ್ಲಿಗೆ ಬಂದಾಗ ಅವಳು ಪಾತ್ರೆ ಒರೆಸುತ್ತ, “ಅಕ್ಕ, ನೀವಿಬ್ರೂ ಇಷ್ಟು ವರ್ಷದಿಂದ ಏನು ಮಾಡ್ತಿದೀರ ಅಂತ ನಂಗಿನ್ನೂ ಗೊತ್ತಾಗಿಲ್ಲ. ಮಾರೋದೂ ಇಲ್ಲ, ಕೊಳ್ಳೋದೂ ಇಲ್ಲ, ಜಗಳ ಮಾತ್ರ ದಿನಾ ಇರತ್ತೆ” ಎಂದಿದ್ದಳು. ಅವತ್ತು ನಗಾಡಿ ಸುಮ್ಮನಾದೆ. ಈ ಸಲ ಅವಳಿಗೂ ಅರ್ಥವಾಗುವಂತೆ ಬಿಡಿಸಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಬೇಸರಿಸಬೇಡ.

ಚಿಕ್ಕಮ್ಮನಿಗೆ ದೃಷ್ಟಿ ಹೋದ ವರ್ಷ ನೀನು ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಸಾಮಾನ್ಯ ಬರಹವನ್ನು ಕೊಟ್ಟರೆ ಅದು ಬ್ರೈಲ್ ಚುಕ್ಕಿಗಳಾಗಿ ಬದಲಿಸುತ್ತಿತ್ತು. ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟೆವು: ಯಾರು ಬೇಕಾದರೂ ಬಳಸಬಹುದು, ತೆರೆದು ನೋಡಬಹುದು, ತಿದ್ದಬಹುದು. ಈಗ ಅದನ್ನು ಬ್ರೈಲ್ ಪ್ರೆಸ್ಸುಗಳು, ಗ್ರಂಥಾಲಯಗಳು, ಆಸ್ಪತ್ರೆಗಳು ಬಳಸುತ್ತವೆ. ಕೋಡ್ ಬರೆಯುವುದು ನೀನು ಮತ್ತು ನಿನ್ನಂಥವರು. ನನಗೆ ಕೋಡ್ ಬರೆಯಲು ಬರುವುದಿಲ್ಲ, ಓದಲು ಬರುತ್ತದೆ. ಯಾವ ಆವೃತ್ತಿಯನ್ನು ಜನ ನಂಬಬಹುದು ಎಂದು ಹೇಳುವುದು ನನ್ನ ಕೆಲಸ.

ಹೊಸ ಆವೃತ್ತಿ ಮೊದಲು ಪರೀಕ್ಷೆಗೆ ಹೋಗುತ್ತದೆ. ಅದನ್ನು ನಾವು ‘ಹಸಿ’ ಎನ್ನುತ್ತೇವೆ. ಇಷ್ಟವಿದ್ದವರು ಹಾಕಿಕೊಂಡು ನೋಡುತ್ತಾರೆ, ತಪ್ಪು ಸಿಕ್ಕರೆ ನಮ್ಮ ದೂರಿನ ಪುಟದಲ್ಲಿ ಬರೆಯುತ್ತಾರೆ. ಹೀಗೆ ಆರು ವಾರ ನೆನೆಹಾಕಬೇಕು. ನಡುವೆ ಒಂದು ದೂರು ಬಂದರೂ ತಿದ್ದಿ, ಮತ್ತೆ ಮೊದಲಿನಿಂದ ಆರು ವಾರ. ದೂರೇ ಬರದೆ ಆರು ವಾರ ಕಳೆದರೆ ನಾನು ನನ್ನ ಕೀ (ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇರುವ ಗುಟ್ಟಿನ ಸಂಕೇತ) ಬಳಸಿ ಅದರ ಮೇಲೆ ಸಹಿ ಹಾಕುತ್ತೇನೆ. ಆಗ ಅದು ‘ಗಟ್ಟಿ’. ಆ ಸಹಿ ಇದ್ದರೆ ಊರೂರಿನ ಕಂಪ್ಯೂಟರುಗಳು ಅದನ್ನು ಯಾರನ್ನೂ ಕೇಳದೆ ಒಳಗೆ ಬಿಟ್ಟುಕೊಳ್ಳುತ್ತವೆ. ಕೇಳದೆ ಎಂಬುದನ್ನು ನಿನ್ನ ಹೆಂಡತಿ ಎರಡು ಸಲ ಓದಲಿ. ಈ ಕೆಲಸದ ಭಾರ ಇರುವುದೇ ಆ ಪದದಲ್ಲಿ. ನಾನು ಇಲ್ಲದ ಹೊತ್ತಿಗೆಂದು ಇನ್ನೊಂದು ಕೀ ಇದೆ. ಅದು ನಿನ್ನ ಬಳಿ.

ಈಗ ಸುದ್ದಿಗೆ ಬರುತ್ತೇನೆ.

ಈ ಸಲದ ಹಸಿ ಆವೃತ್ತಿ ಜನವರಿ ಕೊನೆಯಲ್ಲಿ ಹೋಯಿತು. ಮೊದಲ ವಾರ ಒಂದೂ ದೂರಿಲ್ಲ. ಎರಡನೆಯ ವಾರವೂ ಇಲ್ಲ. ಇದನ್ನೆಲ್ಲ ನಡೆಸುವ ನಮ್ಮ ಐವರ ಸಮಿತಿಯಲ್ಲಿ ಎಲ್ಲರೂ ಖುಷಿಯಾಗಿದ್ದರು. ಮೇಷ್ಟ್ರು (ನಿನ್ನ ಹೆಂಡತಿಗೆ ಹೇಳು: ನಮ್ಮ ಅಧ್ಯಕ್ಷರು, ನಿವೃತ್ತ ಗಣಿತದ ಮೇಷ್ಟ್ರು) ನನಗೆ ಫೋನ್ ಮಾಡಿ, “ನಿಮ್ಮ ತಮ್ಮ ಈ ಸಲ ಮುತ್ತು ಪೋಣಿಸಿದ ಹಾಗೆ ಬರೆದಿದಾನೆ ಕಣ್ರೀ” ಎಂದರು. ನನಗೂ ಹೆಮ್ಮೆಯಾಯಿತು. ನಾಲ್ಕನೆಯ ವಾರದ ಹೊತ್ತಿಗೆ ಹೆಮ್ಮೆ ಹೋಗಿ ಕಸಿವಿಸಿ ಶುರುವಾಯಿತು. ನಮ್ಮ ಪರೀಕ್ಷಕರು ಎಂಥವರು ಎಂದು ನಿನಗೆ ಗೊತ್ತು. ಎಲ್ಲರೂ ಬೆರಳಲ್ಲಿ ಓದುವವರು, ಒಂದು ಅಲ್ಪವಿರಾಮ ಒಂದು ಚುಕ್ಕಿಯಷ್ಟು ಆಚೆ ಹೋದರೂ ಮೂರು ಪುಟ ಬರೆಯುವ ಜನ. ಅದರಲ್ಲೂ ಚಿಕ್ಕಮ್ಮ! ಸೂರ್ಯ ಹುಟ್ಟಿದ್ದಕ್ಕೂ ದೂರು ಕೊಟ್ಟಾರು. ಅವರ ಹೆಸರಿನಿಂದ ಒಂದೂ ಇಲ್ಲ.

ಈ ವಾರ ಒಂದು ದಿನ ತಿಂಡಿಗೆ ಕೂತಾಗ ಕೇಳಿಯೇಬಿಟ್ಟೆ.

“ಏನು ಚಿಕ್ಕಮ್ಮ, ಈ ಸಲ ಒಂದೂ ತಪ್ಪು ಸಿಗಲಿಲ್ವಾ?”

“ಸಿಗದೆ ಏನು, ರಾಶಿ ಸಿಕ್ಕಿದೆ. ಹೇಳೋಕೆ ಹೋದ್ರೆ ಸೈಕಲ್ ಯಾವುದು ತೋರ್ಸು ಅಂತಾರೆ ನಿಮ್ಮೋರು.”

“ಯಾವ ಸೈಕಲ್?”

“ನಂಗೇನು ಗೊತ್ತು? ಒಂಬತ್ತು ಚಿತ್ರ ಇದೆಯಂತೆ. ಸೈಕಲ್ ಇರೋ ಚಿತ್ರ ಒತ್ತಬೇಕಂತೆ. ಒತ್ತಿದ್ರೆ ಮಾತ್ರ ಒಳಗೆ ಬಿಡ್ತಾರಂತೆ. ಕುರುಡರ ಪ್ರೋಗ್ರಾಮಿಗೆ ದೂರು ಕೊಡೋಕೆ ಕಣ್ಣಿರೋರು ಬರಬೇಕು. ಚೆನ್ನಾಗಿದೆ ನಿಮ್ಮ ವ್ಯವಹಾರ.”

“ನನಗ್ಯಾಕೆ ಹೇಳಲಿಲ್ಲ?”

“ಊಟದ ಮೇಜಿನ ಹತ್ರ ಹೇಳಿದ ದೂರು ದೂರಲ್ಲ ಅಂತ ಕಾನೂನು ಮಾಡಿದವಳು ಯಾರಮ್ಮ? ಪಕ್ಕದ ಮನೆಯವಳಾ?”

ಆ ಕಾನೂನು ನನ್ನದೇ. ಪ್ರತಿ ತುತ್ತಿಗೂ ಒಂದು ದೂರು ಕೇಳಿ ಸಾಕಾಗಿ, ಏನಿದ್ದರೂ ಪುಟದಲ್ಲೇ ಬರೆಯಬೇಕು, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ಹಿಂದೆ ಎಲ್ಲ ಪರೀಕ್ಷಕರಿಗೂ ಹೇಳಿದ್ದೆ. ಅದು ಒಳ್ಳೆಯ ನಿಯಮವೇ. ಪುಟ ತೆರೆದಿದ್ದರೆ.

ತಿಂಡಿ ಅಲ್ಲೇ ಬಿಟ್ಟು ಕಂಪ್ಯೂಟರ್ ಮುಂದೆ ಕೂತೆ. ಪರದೆ ಆರಿಸಿ, ಚಿಕ್ಕಮ್ಮ ಬಳಸುವ, ಪರದೆಯನ್ನು ಓದಿಹೇಳುವ ಸಾಫ್ಟ್‌ವೇರ್ ಹಾಕಿಕೊಂಡು ದೂರಿನ ಪುಟಕ್ಕೆ ಹೋದೆ. ಅವರು ಹೇಳಿದ್ದು ನಿಜ. ಚಿತ್ರದ ಬದಲು ಕೇಳಿಸಿಕೊಂಡು ಉತ್ತರಿಸುವ ಗುಂಡಿಯೂ ಅಲ್ಲಿತ್ತು, ಆದರೆ ಆ ಸಾಫ್ಟ್‌ವೇರ್‌ಗೆ ಗುಂಡಿ ಸಿಗುತ್ತಲೇ ಇರಲಿಲ್ಲ. ಅದನ್ನು ಹುಡುಕಲು ಕಣ್ಣೇ ಬೇಕು. ಜನವರಿಯಲ್ಲಿ ದೂರಿನ ಪುಟ ಬದಲಾಗಿತ್ತಲ್ಲ, ಅದು ಬ್ರೈಲ್ ಓದುವ ಯಂತ್ರ ಮಾಡುವ ಕಂಪನಿಯಿಂದ ನಮ್ಮ ಸಮಿತಿಗೆ ಬಂದಿರುವ ಪ್ರತಿನಿಧಿಯ ಕೆಲಸ. ಚಿಕ್ಕಮ್ಮ ಅವನಿಗೆ ‘ಆಗತ್ತೆ ಮೇಡಂ’ ಎಂದು ಹೆಸರಿಟ್ಟಿದ್ದಾರೆ, ಏನು ಹೇಳಿದರೂ ಅವನ ಮೊದಲ ಮಾತು ಅದೇ ಆದ್ದರಿಂದ. ಪುಟಕ್ಕೆ ಎಲ್ಲೆಲ್ಲಿನದೋ ಯಂತ್ರಗಳಿಂದ ಕಸದ ಸಂದೇಶಗಳು ಬರುತ್ತಿವೆ ಎಂದು ನಾನೇ ಅವನಿಗೆ ಹೇಳಿದ್ದೆ. ಅವನು ನಿಲ್ಲಿಸಿಕೊಟ್ಟ.

ಚಿಕ್ಕಮ್ಮನಿಗೆ ಸಿಕ್ಕ ತಪ್ಪು ಹೀಗಿದೆ. ಬ್ರೈಲ್‌ನಲ್ಲಿ ಅಂಕಿಗಳಿಗೆ ಬೇರೆ ಚುಕ್ಕಿಗಳಿಲ್ಲ. ಅಕ್ಷರದ ಚುಕ್ಕಿಗಳ ಮುಂದೆ ಅಂಕಿಯ ಗುರುತು ಇಟ್ಟರೆ ಅದು ಅಂಕಿ. ಗುರುತು ಬಿದ್ದುಹೋದರೆ ಎರಡು ‘ಬ’ ಆಗುತ್ತದೆ, ಮೂರು ‘ಚ’ ಆಗುತ್ತದೆ. ಹೊಸ ಆವೃತ್ತಿಯಲ್ಲಿ ಅಂಕಿ ಸಾಲಿನ ಮೊದಲಿಗೆ ಬಂದರೆ ಸಾಕು, ಗುರುತು ಬಿದ್ದುಹೋಗುತ್ತಿದೆ. ನಮ್ಮ ಪರೀಕ್ಷೆಯ ಹಾಳೆಗಳಲ್ಲಿ ಒಂದು ಸಾಲೂ ಅಂಕಿಯಿಂದ ಶುರುವಾಗುವುದಿಲ್ಲ. ಚಿಕ್ಕಮ್ಮನ ಮೊಣಕಾಲಿನ ಮಾತ್ರೆಯ ಚೀಟಿ ಶುರುವಾಗುತ್ತದೆ. “ಬ ಮಾತ್ರೆ ನುಂಗಬೇಕಂತೆ ದಿನಕ್ಕೆ. ಬ ಅಂದ್ರೆ ಬೇಕಾದಷ್ಟು ಅಂತ ತಿಳ್ಕೊಂಡು ನುಂಗಿಬಿಡ್ಲಾ?” ಎಂದು ಕೇಳಿದರು.

ಗುರುವಾರದ ಸಭೆಗೆ ಇದನ್ನೇ ಹಿಡಿದು ಹೋದೆ. ನೀನು ಪರದೆಯ ಮೇಲಿದ್ದೆ. ಆದರೆ ನಿನ್ನ ಕಡೆ ಲೈನ್ ಕಡಿಯುತ್ತಿತ್ತು ಎಂದು ಆಮೇಲೆ ಮೇಷ್ಟ್ರು ಹೇಳಿದರು. ಆದ್ದರಿಂದ ನಡೆದದ್ದನ್ನು ಬರೆಯುತ್ತೇನೆ.

ನಮ್ಮ ಕಚೇರಿ ಗೊತ್ತಲ್ಲ, ಇಸ್ತ್ರಿ ಅಂಗಡಿಯ ಮೇಲೆ ಎರಡು ಕೋಣೆ. ಕೆಳಗಿನ ಬಿಸಿಗೆ ನೆಲ ಬೆಚ್ಚಗಿರುತ್ತದೆ. ಚಳಿಯಲ್ಲಿ ಸುಖ, ಉಳಿದ ಕಾಲದಲ್ಲಿ ಎಲ್ಲರಿಗೂ ಬೇಗ ಸಿಟ್ಟು ಬರುತ್ತದೆ. ಮೇಷ್ಟ್ರು, ಖಜಾಂಚಿ, ಆಗತ್ತೆ ಮೇಡಂ, ನಾನು, ಪರದೆಯಲ್ಲಿ ನೀನು. ಕಂಪನಿಯವರು ಕುರುಡು ಮಕ್ಕಳ ಶಾಲೆಗಳಿಗೆ ಬ್ರೈಲ್ ಓದುವ ಯಂತ್ರ ಹಂಚಲಿದ್ದಾರೆ, ಒಳಗೆ ನಮ್ಮ ಪ್ರೋಗ್ರಾಂ. ಶಾಲೆ ಶುರುವಾಗುವ ಮೊದಲು ಗಟ್ಟಿ ಆವೃತ್ತಿ ಬೇಕು. ಹಸಿ ಆದರೆ ಶಾಲೆಗಳು ತೆಗೆದುಕೊಳ್ಳುವುದಿಲ್ಲ, ಮಕ್ಕಳು ಇನ್ನೊಂದು ವರ್ಷ ಕಾಯಬೇಕು. ಮೇಷ್ಟ್ರ ಸಂಕಟ ನನಗೆ ಅರ್ಥವಾಗುತ್ತದೆ. ಅವರು ಆ ಶಾಲೆಗಳಲ್ಲೇ ಪಾಠ ಮಾಡಿದವರು.

“ಆ ತಪ್ಪು ಗೊತ್ತಾಯ್ತಲ್ಲ, ನಿಮ್ಮ ತಮ್ಮ ಒಂದು ಗಂಟೇಲಿ ತಿದ್ತಾನೆ. ತಿದ್ದಿದ್ದಕ್ಕೆ ನೀವು ಸಹಿ ಹಾಕಿ” ಎಂದರು ಮೇಷ್ಟ್ರು.

“ತಿದ್ದಿದ ಮೇಲೆ ಮತ್ತೆ ಆರು ವಾರ ನೆನೀಬೇಕು ಮೇಷ್ಟ್ರೇ.”

“ದೂರು ಬಂದ್ರೆ ತಾನೆ ಮತ್ತೆ ಆರು ವಾರ? ಪುಟದಲ್ಲಿ ಒಂದೂ ಇಲ್ಲ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಅಂತ ನೀವೇ ಬರೆದಿದೀರಿ.”

“ಬಾಗಿಲಿಗೆ ಚಿಲಕ ಹಾಕಿ ಕೂತು, ಯಾರೂ ಬರಲಿಲ್ಲ ಅಂದ್ರೆ ಹೇಗೆ? ಚಿಕ್ಕಮ್ಮನ ಕೈಗೆ ಸಿಕ್ಕಿದ್ದು ಇದು. ಬೇರೆಯವರ ಕೈಗೆ ಏನೇನು ಸಿಕ್ಕಿದೆ, ಯಾರಾದ್ರೂ ಕೇಳಿದೀವಾ?”

ಆಗತ್ತೆ ಮೇಡಂ ಬಾಯಿ ಹಾಕಿದ: “ಮೇಡಂ, ಮುಂಚೆ ದಿನಾ ನೂರಾರು ಕಸದ ಮೆಸೇಜ್ ಬರ್ತಿತ್ತು. ಈಗ ನೋಡಿ, ಒಂದೂ ಇಲ್ಲ.”

“ಹೌದಪ್ಪ, ಕಸಾನೂ ಇಲ್ಲ, ಜನಾನೂ ಇಲ್ಲ. ಗುಡಿಸಿದ್ದು ಚೆನ್ನಾಗಿದೆ.”

ಅವನು ಕೆಂಪಾದ. ಕೆಟ್ಟವನಲ್ಲ. ಅಲ್ಲೇ ಕೂತು ಅರ್ಧ ಗಂಟೆಯಲ್ಲಿ ಆ ಸೈಕಲ್ಲುಗಳನ್ನು ಕಿತ್ತುಹಾಕಿದ, ಅದನ್ನು ಹೇಳಬೇಕು. ಪುಟ ಈಗ ತೆರೆದಿದೆ. “ಇನ್ನು ಆರು ವಾರ ಕೊಡಿ, ಎಲ್ಲರೂ ಹೇಳೋದನ್ನ ಹೇಳಲಿ. ಇಲ್ಲವಾ, ಹಸಿ ಅಂತ ಬರೆದೇ ಯಂತ್ರಕ್ಕೆ ಹಾಕಿ, ಶಾಲೆಯವರಿಗೆ ನಿಜ ಹೇಳಿ” ಎಂದೆ.

“ಶಾಲೆಯವರು ಒಪ್ಪಲ್ಲ ಅಂತ ಗೊತ್ತಿದ್ದೂ ಹೇಳ್ತೀರಲ್ಲ. ಒಂದು ಪದಕ್ಕೆ ಇಷ್ಟು ಹಟ ಮಾಡ್ತಾರೇನ್ರೀ? ಹಸಿ, ಗಟ್ಟಿ. ಪದ ತಾನೆ?”

“ಪದವೇ. ನನ್ನ ಕೈಲಿರೋದು ಅದೊಂದೇ. ಅದಕ್ಕೇ ಕೊಡಲ್ಲ.”

“ನಿಯಮ ನಿಯಮ ಅಂತ ಇಷ್ಟು ವರ್ಷ ನಮ್ಮ ತಲೆ ತಿಂದೋರು ನೀವು.”

“ಬರೆದವಳು ನಾನೇ ಮೇಷ್ಟ್ರೇ. ಎಲ್ಲಿ ಅದು ಕೆಲಸ ಮಾಡಲ್ಲ ಅಂತಲೂ ನನಗೇ ಗೊತ್ತು.”

“ಇದೇ ಮಾತನ್ನ ಎಲ್ಲ ಸರ್ವಾಧಿಕಾರಿಗಳೂ ಹೇಳಿದಾರೆ” ಎಂದರು. ಹೇಳಿರಬಹುದು. ಅಷ್ಟಕ್ಕೇ ನಾನು ಒಪ್ಪಬೇಕೆಂದೇನೂ ಇಲ್ಲ.

ಖಜಾಂಚಿ ಗಡಿಯಾರ ನೋಡಿ, “ಮತಕ್ಕೆ ಹಾಕಿಬಿಡಿ, ಶೆಖೆ ತಡೆಯಕ್ಕಾಗ್ತಿಲ್ಲ” ಎಂದರು. ಬೇಡ ಎನ್ನುವವರು ಹೇಳಿ ಎಂದು ಮೇಷ್ಟ್ರು ಕೇಳಿದರು. ನಾನು “ಬೇಡ” ಎಂದೆ. ನಮ್ಮಲ್ಲಿ ಮಾತಾಡದವರನ್ನು ಒಪ್ಪಿದವರ ಜೊತೆ ಸೇರಿಸುತ್ತಾರೆ. ಹಾಗೆ ನಾಲ್ಕಕ್ಕೆ ಒಂದು ಆಯಿತು. ನಾನು ಸಹಿ ಹಾಕುವುದಿಲ್ಲ ಎಂದು ಹೇಳಿ ಎದ್ದೆ. ಹಾಗಾದರೆ ಬುಧವಾರ ಎರಡನೆಯ ಕೀ ಇರುವವರನ್ನು ಕೇಳುತ್ತೇವೆ ಎಂದು ಬರೆದುಕೊಂಡರು. ಮೆಟ್ಟಿಲಿಳಿಯುವಾಗ ಇಸ್ತ್ರಿ ಅಂಗಡಿಯವರು ಅಂಗಿ ಮಡಿಸುತ್ತಲೇ, “ಏನ್ರಮ್ಮ, ಇವತ್ತು ನಮಗಿಂತ ನಿಮ್ಮ ಮೇಲೇ ಬಿಸಿ ಜಾಸ್ತಿ ಇತ್ತು?” ಎಂದರು.

ನಿನ್ನೆ ಇಡೀ ದಿನ ಫೋನ್ ಮಾಡಿದೆ. ನಮ್ಮ ಪರೀಕ್ಷಕರಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಇದ್ದಾರಲ್ಲ, ದನಿ ಕೇಳಿದರೆ ರೇಡಿಯೋದಲ್ಲಿ ವಾರ್ತೆ ಓದುವವರು ಎನ್ನಬೇಕು, ಅವರು ನಗುತ್ತಲೇ ಶುರು ಮಾಡಿದರು: “ನನ್ನ ನಂಬರ್ ಪುಸ್ತಕದಲ್ಲಿ ಪ್ರತಿ ಸಾಲೂ ನಂಬರಿಂದಲೇ ಶುರು ಮೇಡಂ. ತುರ್ತು ವಾರ್ಡಿಗೆ ಕೊಡಿ ಅಂತಾರೆ, ಬೆರಳಿಟ್ಟು ನೋಡಿದ್ರೆ ‘ಬ’ ಅಂತ ಇದೆ. ನಾನು ಹಳೇ ಪುಸ್ತಕ ಎಸೆದಿರಲಿಲ್ಲ, ಬಚಾವಾದೆ.” ಆಮೇಲೆ ನಗು ನಿಲ್ಲಿಸಿ, “ಹೇಳೋಣ ಅಂತ ನಾಲ್ಕು ಸಲ ಬಂದೆ, ಒಳಗೆ ಬಿಡಲಿಲ್ಲ” ಎಂದರು. ಪ್ರೆಸ್ಸಿನ ಕರಡು ತಿದ್ದುವವರಿಗೆ ಬೇರೆಯೇ ತಪ್ಪು ಸಿಕ್ಕಿದೆ: ಕೋಷ್ಟಕದಲ್ಲಿ ಪಕ್ಕಪಕ್ಕದ ಎರಡು ಕಾಲಂಗಳು ಅಂಟಿಕೊಳ್ಳುತ್ತವೆ. ಮಗ್ಗಿ ಪುಸ್ತಕ ಅಚ್ಚು ಹಾಕಿದರೆ ಏನಾದೀತು ಎಂದು ನೀನೇ ಯೋಚಿಸು. ಇದು ನಿನಗೆ ಗೊತ್ತಿಲ್ಲ, ನನಗೂ ನಿನ್ನೆಯವರೆಗೆ ಗೊತ್ತಿರಲಿಲ್ಲ. ಒಂದು ಗಂಟೆಯಲ್ಲಿ ತಿದ್ದಿ ಸಹಿ ಹಾಕಿದ್ದರೆ ಇದು ಮಕ್ಕಳ ಕೈಗೆ ಹೋಗುತ್ತಿತ್ತು. ಆ ಯಂತ್ರಗಳನ್ನು ಶಾಲೆಯವರು ವರ್ಷಕ್ಕೊಂದು ಸಲ ಮಾತ್ರ ಹೊಸದು ಮಾಡುತ್ತಾರೆ.

“ಇಷ್ಟು ದಿನ ಫೋನಾದ್ರೂ ಮಾಡಬಾರದಿತ್ತಾ?” ಎಂದು ಪ್ರೆಸ್ಸಿನವರನ್ನು ಕೇಳಿದೆ.

“ನೀವು ದೊಡ್ಡ ಕಂಪನಿ ಜೊತೆ ಸೇರಿದಿರಿ ಅಂದ್ರು. ನಮ್ಮ ಮಾತು ಇನ್ನು ಬೇಡ ಅನ್ನಿಸಿರಬೇಕು ಅಂದ್ಕೊಂಡೆ” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಬಸ್ ಹೋಗಿಬಿಟ್ಟಿತು ಎನ್ನುವ ಹಾಗೆ ಹೇಳಿದರು.

ಚಿಕ್ಕಮ್ಮ ಊಟಕ್ಕೆ ಕರೆಯುತ್ತಿದ್ದಾರೆ. ನಾಳೆ ಮುಗಿಸುತ್ತೇನೆ.

ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಮೇಷ್ಟ್ರು ಮನೆಗೇ ಬಂದಿದ್ದರು. ಒಂದು ಚೀಲ ಕಿತ್ತಳೆ ತಂದಿದ್ದರು. ಚಿಕ್ಕಮ್ಮ ಚೀಲದೊಳಗೆ ಕೈ ಹಾಕಿ ಒಂದನ್ನು ಒತ್ತಿ ನೋಡಿ, “ಇದು ಗಟ್ಟಿ ಇದೆ, ಸಹಿ ಹಾಕಬಹುದು” ಎಂದರು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಎದುರಿಗೆ ಕೂತು ನಿಧಾನವಾಗಿ ಮಾತಾಡಿದರು.

“ನಾನು ಪಾಠ ಮಾಡೋವಾಗ ಇಡೀ ತರಗತಿಗೆ ಒಂದು ಬ್ರೈಲ್ ಪುಸ್ತಕ ಇತ್ತು. ಒಬ್ಬ ಓದಿ ಮುಗಿಸೋವರೆಗೆ ಮಿಕ್ಕವರು ಕೈ ಕಟ್ಟಿ ಕೂತಿರ್ತಿದ್ರು. ಒಂದು ವರ್ಷ ಅಂದ್ರೆ ಮಗೂಗೆ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಿಲ್ಲ. ಒಂದಿಷ್ಟು ತಪ್ಪಿದ್ದರೂ ಇಲ್ಲದೇ ಇರೋದಕ್ಕಿಂತ ವಾಸಿ ಅಲ್ವಾ?”

“ತಪ್ಪು ಇದೆ ಅಂತ ಹೇಳಿ ಕೊಟ್ಟರೆ ವಾಸಿ. ಇಲ್ಲ ಅಂತ ಹೇಳಿ ಕೊಟ್ಟರೆ ಅಲ್ಲ. ಮೂರನ್ನ ‘ಚ’ ಅಂತ ಓದಿದ ಮಗು, ತಪ್ಪು ಯಂತ್ರದ್ದು ಅಂದ್ಕೊಳ್ಳಲ್ಲ ಮೇಷ್ಟ್ರೇ. ತನ್ನ ಬೆರಳೇ ದಡ್ಡ ಅಂದ್ಕೊಳ್ಳತ್ತೆ.”

ಅವರು ಒಂದು ಕಿತ್ತಳೆ ತೆಗೆದು ಕೈಯಲ್ಲಿ ತಿರುಗಿಸುತ್ತ ಕೂತರು. ಒಪ್ಪಿದರು ಎಂದುಕೊಂಡೆ. “ಈ ವರ್ಷ ಮಕ್ಕಳ ಕೈಗೆ ಸಿಗದೇ ಹೋದ್ರೆ ಅದು ನಿಮ್ಮ ತಲೆ ಮೇಲೆ ಇರತ್ತೆ, ನೆನಪಿಟ್ಕೊಳ್ಳಿ” ಎಂದರು.

“ಇರ್ಲಿ ಬಿಡಿ. ಹೊರ್ತೀನಿ.”

“ನಿಮ್ಮ ತಮ್ಮನ್ನ ಕೇಳ್ತೀವಿ ಹಾಗಾದ್ರೆ.”

“ಅವನು ಏನಂದ?”

“ಬೇಡ ಅಂತ ಅಂದಿಲ್ಲ” ಎಂದು ಎದ್ದರು. ಬಾಗಿಲ ತನಕ ಹೋಗಿ, ಚಪ್ಪಲಿ ಹಾಕಿಕೊಳ್ಳುತ್ತ, “ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ” ಎಂದರು. ಚಿಕ್ಕಮ್ಮ ಒಳಗಿನಿಂದಲೇ ಕೂಗಿದರು: “ನಮಗಿದೆ!”

ನಾನು ಏನು ಮಾಡುತ್ತೇನೆ ಎಂಬುದನ್ನು ನೀನು ಬೇರೆಯವರಿಂದ ಕೇಳಬಾರದು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೀಯನ್ನು ಸಮಿತಿಗೆ ಕೊಡುವುದಿಲ್ಲ. ಮಂಗಳವಾರ ಸಂಜೆ ಅದನ್ನು ನಾನೇ ರದ್ದು ಮಾಡುತ್ತೇನೆ. ಯಾಕೆ ರದ್ದು ಮಾಡಿದೆ ಎಂದು ಎಲ್ಲರೂ ಓದುವ ಕಡೆ, ನನ್ನ ಹೆಸರಿನಲ್ಲಿ, ಸರಳವಾಗಿ ಬರೆಯುತ್ತೇನೆ: ಆರು ವಾರ ನಮ್ಮ ಓದುಗರ ಬಾಯಿ ಕಟ್ಟಿದ್ದೆವು, ಆ ಮೌನವನ್ನು ಒಪ್ಪಿಗೆ ಎಂದು ಎಣಿಸಲು ನಾನು ಸಿದ್ಧಳಿಲ್ಲ. ಹಳೆಯ ಗಟ್ಟಿ ಆವೃತ್ತಿಗಳು ಹಾಗೇ ಇರುತ್ತವೆ, ಅವುಗಳ ಮೇಲಿನ ನನ್ನ ಸಹಿಯೂ ಉಳಿಯುತ್ತದೆ. ಯಾರ ಕೆಲಸವೂ ನಿಲ್ಲುವುದಿಲ್ಲ. ಸಮಿತಿಯವರು ನನ್ನನ್ನು ತೆಗೆದುಹಾಕಬಹುದು, ತೆಗೆದುಹಾಕುತ್ತಾರೆ. ಇಷ್ಟು ವರ್ಷ ಮಾಡಿದ ಕೆಲಸ ಹೋಗುತ್ತದೆ ಎಂದು ನನಗೆ ಅಳು ಬರುತ್ತದೆಯೇ ಎಂದು ಕಾದು ನೋಡಿದೆ. ಬರಲಿಲ್ಲ. ಹಸಿವಾಯಿತು. ಎರಡು ಕಿತ್ತಳೆ ತಿಂದೆ.

ಕೋಷ್ಟಕದ ತಪ್ಪಿನ ವಿವರ ಬೇರೆ ಹಾಳೆಯಲ್ಲಿದೆ. ಅದನ್ನು ತಿದ್ದುವುದು ನಿನ್ನಿಂದ ಮಾತ್ರ ಸಾಧ್ಯ. ಯಾರು ಸಹಿ ಹಾಕಿದರೂ ಹಾಕದಿದ್ದರೂ ತಿದ್ದು.

ಮಗಳಿಗೆ ಹೊಸ ಹಲ್ಲು ಬೇಗ ಬರಲಿ. ಬಂದಾಗ ಸೇಬು ಕಚ್ಚಿ ಸದ್ದು ಕೇಳಿಸಬೇಕಂತೆ, ಫೋಟೋ ಬೇಡವಂತೆ, ಚಿಕ್ಕಮ್ಮನ ಅಪ್ಪಣೆ. ನಿನ್ನ ಹೆಂಡತಿಗೆ ಹೇಳು, ನಾವು ಮಾಡುವ ಕೆಲಸ ಇಷ್ಟೇ, ಜಗಳವೂ ಇಷ್ಟಕ್ಕೇ. ನಿನ್ನ ಬೆನ್ನು ನೋವಿಗೆ ನಡುನಡುವೆ ಎದ್ದು ಓಡಾಡು. ನೀನು ಎಲ್ಲಿದ್ದರೂ, ಯಾರ ಜೊತೆಗಿದ್ದರೂ, ತಲೆ ಎತ್ತಿಕೊಂಡು ಬದುಕು ಎಂದು ಹರಸುವ,

ನಿನ್ನ ಅಕ್ಕ

ಮತ್ತೆ:

ಕವರಿಗೆ ಹಾಕಿ, ಅಂಟಿಸುವ ಮೊದಲು ಮತ್ತೆ ತೆಗೆದೆ. ಮೇಲೆ ಒಂದು ಸುಳ್ಳನ್ನು ಹಾಗೇ ಬಿಟ್ಟಿದ್ದೇನೆ. ಗುರುವಾರ ನಿನ್ನ ಲೈನ್ ಕಡಿದಿರಲಿಲ್ಲ.

ನಾನು “ಬೇಡ” ಎಂದ ಮೇಲೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲವಲ್ಲ, ಆಗ ನಿನ್ನ ಮನೆಯ ಸದ್ದು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಬಂತು. ಮಗಳು ಕೇಳಿದಳು: “ಅಪ್ಪಾ, ಅತ್ತೆ ಒಬ್ರೇ ಯಾಕೆ ಜಗಳ ಆಡ್ತಿದಾರೆ?” ನೀನು, “ಶ್, ಸುಮ್ನಿರು” ಎಂದೆ. ಆಮೇಲೆ ಮೈಕ್ ಆರಿಸಿದೆ. ಖಜಾಂಚಿ ನೆಲ ನೋಡಿದರು. ಲೈನ್ ಕಡಿಯುತ್ತಿತ್ತು ಎಂದು ಮೇಷ್ಟ್ರು ಆಮೇಲೆ ಹೇಳಿದ್ದು ನನ್ನ ಮುಖ ನೋಡಲಾರದೆ. ನಾಲ್ಕು ಜನ ಎದುರು ನಿಂತದ್ದಕ್ಕೆ ನನಗೆ ಏನೂ ಆಗಿಲ್ಲ. ಅವರಲ್ಲಿ ಮೂವರು ತಮ್ಮ ಮಾತು ತಾವು ಆಡಿದರು. ಯಾಕೆ ಸುಮ್ಮನಿದ್ದೆ ಎಂದು ಊಹಿಸಲು ನನಗೆ ಇಷ್ಟವಿಲ್ಲ.

ಇನ್ನೊಂದು ವಿಷಯ. ನಿನ್ನ ಕೀಯನ್ನು ರದ್ದು ಮಾಡುವ ಪತ್ರ, ಯಾರು ಪ್ರಕಟಿಸಿದರೂ ಕೀ ಸತ್ತುಹೋಗುವಂಥದ್ದು, ನನ್ನ ಬೀರುವಿನಲ್ಲಿದೆ. ಆಪರೇಷನ್ನಿಗೆ ಹೋಗುವ ಮುಂಚೆ ನೀನೇ ಕೈಗಿಟ್ಟು, “ನಂಗೇನಾದ್ರೂ ಆದ್ರೆ ನೀನೇ ರದ್ದು ಮಾಡು ಅಕ್ಕ, ಬೇರೆಯವರ ಕೈಗೆ ಹೋಗಬಾರದು” ಎಂದಿದ್ದೆ. ಆಪರೇಷನ್ ಆಯಿತು, ನೀನು ಚೆನ್ನಾಗಿ ಮನೆಗೆ ಬಂದೆ, ವಾಪಸ್ ಕೇಳಲಿಲ್ಲ, ನಾನೂ ಕೊಡಲಿಲ್ಲ. ಈಗ ನಿನಗೆ ಏನೋ ಆಗಿದೆ. ನೀನು ಹೇಳಿದ ಅರ್ಥದಲ್ಲಿ ಅಲ್ಲ, ಗೊತ್ತು.

ಮಂಗಳವಾರ ಸಂಜೆ ನನ್ನದರ ಜೊತೆ ನಿನ್ನದನ್ನೂ ರದ್ದು ಮಾಡುತ್ತೇನೆ. ಆಮೇಲೆ ಸಮಿತಿ ಹೊಸ ಕೀ ಮಾಡಿಕೊಳ್ಳಬೇಕು, ಅದನ್ನು ಪ್ರತಿ ಪ್ರೆಸ್ಸೂ ಪ್ರತಿ ಗ್ರಂಥಾಲಯವೂ ಓದಿ, ಕೇಳಿ, ತಾವೇ ಒಪ್ಪಿಕೊಳ್ಳಬೇಕು. ಕೇಳದೆ ಒಳಗೆ ಹೋಗುವ ದಾರಿ ಅಷ್ಟು ದಿನ ಮುಚ್ಚಿರುತ್ತದೆ. ನಾಳೆ ಬೆಳಿಗ್ಗೆಯೇ ಕೊರಿಯರಿಗೆ ಕೊಡುವ ಈ ಕಾಗದ ಮಂಗಳವಾರ ಬೆಳಿಗ್ಗೆಯ ಹೊತ್ತಿಗೆ ನಿನ್ನ ಕೈಯಲ್ಲಿರುತ್ತದೆ. ನೀನು ಬೇಡ ಎಂದರೂ ನಾನು ಮಾಡುತ್ತೇನೆ. ಆದರೂ ಬೇಡ ಅನ್ನುವುದಿದ್ದರೆ ಫೋನ್ ಮಾಡಿ ಬಾಯಿ ಬಿಟ್ಟು ಹೇಳು. ಸಂಜೆಯವರೆಗೆ ಫೋನಿನ ಪಕ್ಕದಲ್ಲೇ ಇರುತ್ತೇನೆ.